ಸಾರುವುದೂ ಕೇಳುವುದೂ

ಊರಿನ ಆಡಳಿತ ನಡೆಸುವವರು ಊರಿನ ಜನರೊಡನೆ ಮಾತನಾಡುವುದು ಹೇಗೆ? ಇಂದು ಈ ಪ್ರಶ್ನೆಗೆ ಬಹು ಮಂದಿ ಮೊಬೈಲನ್ನು ತೋರಿಸಿಯಾರು. ನೀರು ಬಿಡುವ ಹೊತ್ತು, ಮನೆಕಂದಾಯದ ಕಡೆಯ ದಿನ, ಗ್ರಾಮಸಭೆಯ ತಾರೀಖು ಎಲ್ಲವೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವುದುಂಟು. ಉಪಕರಣ ಹೊಸದು, ಆದರೆ ಕೆಲಸ ಬಹಳ ಹಳೆಯದು. ಅದರ ಹಿಂದಿನ ಕಥೆಯನ್ನು ಅಷ್ಟಿಷ್ಟು ತಿಳಿದರೆ, ಈ ಹೊಸ ಉಪಕರಣದಿಂದ ನಾವು ಏನನ್ನು ನಿರೀಕ್ಷಿಸಬೇಕೆಂಬುದೂ ತಿಳಿದೀತು.

ಕನಕಪುರವನ್ನು ಕಾನಕಾನಹಳ್ಳಿಯೆಂದು ಕರೆಯುತ್ತಿದ್ದ ಕಾಲದ ಮರಳವಾಡಿಯನ್ನೋ, ಹಳೆಯ ಮೈಸೂರು ಸೀಮೆಯ ಅಂಥದೇ ಮತ್ತೊಂದು ಊರನ್ನೋ ನೆನೆದುಕೊಳ್ಳಿ. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಇವರೇ ಊರಿನ ಆಡಳಿತದ ಕೈಕಾಲುಗಳು. ಅಮಲ್ದಾರರ ಹುಕುಂ ಬಂದಿತೆಂದರೆ ತಮಟೆ ಬಡಿದು, ‘ಕೇಳ್ರಪ್ಪೋ ಕೇಳಿ’ ಎಂದು ಬೀದಿ ಬೀದಿಯಲ್ಲಿ ಸಾರಿಸುವುದು ರೂಢಿ. ಅಕ್ಷರ ಬಾರದವರಿಗೂ ಹಾಗೆ ಸುದ್ದಿ ಮುಟ್ಟುತ್ತಿತ್ತು. ಕಾನೂನು ಕೂಡ ಈ ರೂಢಿಯನ್ನು ಒಪ್ಪಿಕೊಂಡಿತು. ಸ್ಥಿರಾಸ್ತಿಯ ಜಪ್ತಿಯಾದಾಗ ಆ ಆಜ್ಞೆಯನ್ನು ಆಸ್ತಿಯಿರುವಲ್ಲೋ ಅದರ ಪಕ್ಕದಲ್ಲೋ ಡಂಗುರ ಹೊಡೆಸಿ, ಇಲ್ಲವೆ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ವಿಧಿಸಿತು.

ಮಕ್ಕಳಿಗೆ ವ್ಯಾಕರಣ ಹೇಳುವ ನನ್ನಂಥವನಿಗೆ ಇಲ್ಲಿ ಒಂದು ಮಾತು ತೋರುತ್ತದೆ. ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿಗೆ ಆಲಿಸು ಎಂಬ ಅರ್ಥವೂ ಉಂಟು, ಪ್ರಶ್ನಿಸು ಎಂಬ ಅರ್ಥವೂ ಉಂಟು. ತಮಟೆಯವನು ‘ಕೇಳಿ’ ಎಂದಾಗ ಸಲ್ಲುತ್ತಿದ್ದುದು ಮೊದಲನೆಯ ಅರ್ಥವೊಂದೇ. ಅಷ್ಟೇ ಅಲ್ಲ, ಊರಿಗೆಲ್ಲ ಸಾರಿ ಬಂದ ತೋಟಿಗೆ, ಆತನ ಜಾತಿಯ ಕಾರಣದಿಂದ, ಚಾವಡಿಯ ಜಗಲಿಯ ಮೇಲೆ ಸರಿಸಮನಾಗಿ ಕುಳಿತು ಮಾತನಾಡುವ ಹಕ್ಕಿರಲಿಲ್ಲ. ದನಿ ಅವನದು, ಮಾತು ಬೇರೆಯವರದು. ವಂಶಪಾರಂಪರ್ಯವಾದ ಈ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾಯಿದೆ ಆದದ್ದು 1961ರಲ್ಲಿ. ಅದು ಜಾರಿಗೆ ಬಂದದ್ದು 1963ರಲ್ಲಿ.

ಆಳುವವರು ಜನರ ಮಾತನ್ನು ಆಲಿಸಬೇಕೆಂಬ ಯೋಚನೆ ನಮ್ಮ ಸೀಮೆಗೆ ಅದಕ್ಕೂ ಎಷ್ಟೋ ಮೊದಲೇ ಬಂದಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಸದಸ್ಯರು 144 ಮಂದಿ. ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಯೋಜನೆಯನ್ನೂ ಅವರಿಗೆ ತಿಳಿಸುವುದು, ಅವರ ಅಹವಾಲನ್ನು ಆಲಿಸುವುದು ಸಭೆಯ ಉದ್ದೇಶ. ಕಾನೂನು ಮಾಡುವ ಅಧಿಕಾರ ಅದಕ್ಕೆ ಇರಲಿಲ್ಲ. ಬಂದವರೂ ಭೂಮಾಲೀಕರು, ವರ್ತಕರು. ಆದರೂ ‘ಕೇಳು’ ಎಂಬುದರ ಎರಡನೆಯ ಅರ್ಥಕ್ಕೆ ಅಲ್ಲಿ ಸ್ವಲ್ಪ ಎಡೆ ದೊರೆಯಿತು.

ಆಮೇಲೆ ಬಂದದ್ದು ನಿಮಗೆಲ್ಲ ಆಪ್ತವಾದ ರೇಡಿಯೋ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ನಿಲಯ ತೆರೆದರು. ಬೆಂಗಳೂರಿಗೆ 1955ರಲ್ಲಿ ಆಕಾಶವಾಣಿ ಬಂದಿತು. ರೇಡಿಯೋ ಕೂಡ ಒಂದು ಬಗೆಯ ಡಂಗುರವೇ ಅಲ್ಲವೆ ಎಂದು ನೀವು ಕೇಳಬಹುದು. ಆ ಕೊರತೆಯನ್ನು ನೀಗುವ ಪ್ರಯತ್ನವೊಂದು 1956ರಲ್ಲಿ ಪುಣೆಯ ನಿಲಯದಿಂದ ನಡೆಯಿತು. ಯುನೆಸ್ಕೋ ನೆರವಿನಿಂದ ಅಂದಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳಾದವು. ವಾರಕ್ಕೆರಡು ಬಾರಿ ಕೂಡಿ ಕುಳಿತು ಕಾರ್ಯಕ್ರಮವನ್ನು ಆಲಿಸುವುದು, ಚರ್ಚಿಸುವುದು, ಕಾರ್ಯಕ್ಕಿಳಿಯುವುದು ಅವರ ಪದ್ಧತಿ. ತಮ್ಮ ಪ್ರಶ್ನೆಗಳನ್ನು ಅವರು ನಿಲಯಕ್ಕೆ ಬರೆದು ಕಳುಹಿಸುತ್ತಿದ್ದರು. 1959ರಲ್ಲಿ ಈ ಪದ್ಧತಿ ದೇಶದ ಬೇರೆ ಕಡೆಗಳಿಗೂ ಹಬ್ಬಿತು. ಯಂತ್ರ ಏಕಮುಖವಾದರೂ ಮನುಷ್ಯರು ಕೂಡಿ ಕುಳಿತರೆ ಮಾತು ದ್ವಿಮುಖವಾಗಬಲ್ಲುದೆಂಬುದು ಅದರಿಂದ ಸಿದ್ಧವಾಯಿತು.

ಹೀಗೆ ಕೂಡಿ ಕುಳಿತು ಕೇಳುವುದನ್ನು ಹಕ್ಕನ್ನಾಗಿ ಮಾಡಿದುದು 1993. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದೂ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ ಹುಟ್ಟಿದುದೂ ಆ ವರ್ಷವೇ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ತೋಟಿಯ ಮೊಮ್ಮಗಳಿಗೂ ಪಟೇಲರ ಮೊಮ್ಮಗನಿಗೂ ಅಲ್ಲಿ ಒಂದೇ ಸ್ಥಾನ.

ಈಗ ಮೊಬೈಲಿಗೆ ಬರೋಣ. 2020ರ ದಶಕದಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ‘ಪಂಚಮಿತ್ರ’ ಎಂಬ ವಾಟ್ಸ್‌ಆ್ಯಪ್ ಸೇವೆಯನ್ನು ತೆರೆದು, ಪಂಚಾಯತಿಯ ಮಾಹಿತಿಯನ್ನು ಪಡೆಯುವುದಕ್ಕೂ ದೂರನ್ನು ಕೊಡುವುದಕ್ಕೂ ದಾರಿ ಮಾಡಿತು. ಕೆಟ್ಟ ಕೊಳವೆಯ ಚಿತ್ರವನ್ನು ಕುಳಿತಲ್ಲಿಂದಲೇ ಕಳುಹಿಸುವುದು ಸಾಮಾನ್ಯ ಲಾಭವಲ್ಲ. ಕೇಳಿದ ಪ್ರಶ್ನೆ ತಾರೀಖಿನೊಡನೆ ಉಳಿಯುತ್ತದೆ. ‘ನಮಗೆ ಯಾರೂ ಹೇಳಲೇ ಇಲ್ಲ’ ಎನ್ನುವಂತಿಲ್ಲ. ಆದರೆ ಇದೇ ವಾಟ್ಸ್‌ಆ್ಯಪ್‌ನಲ್ಲಿ, ಗುಂಪಿನ ಮೇಲ್ವಿಚಾರಕರು ಮಾತ್ರ ಬರೆಯಬಹುದು, ಉಳಿದವರು ಓದಬೇಕಷ್ಟೆ ಎಂಬ ಏರ್ಪಾಡು 2018ರಲ್ಲಿ ಬಂದಿತು. ಬೇಡದ ಹರಟೆಯನ್ನು ತಡೆಯಲು ಅದು ಅನುಕೂಲ, ನಿಜ. ಊರಿನ ಗುಂಪಿಗೆ ಆ ಬೀಗ ಬಿದ್ದ ದಿನ ಮಾತ್ರ ಹಳೆಯ ತಮಟೆಯೇ ಮರಳಿ ಬಂದಂತೆ. ಮೊಬೈಲಿಲ್ಲದ ಅಜ್ಜಿಗೆ ಆ ತಮಟೆಯ ಸದ್ದೂ ಕೇಳಿಸದು.

ಮರಳವಾಡಿ ಇದ್ದಲ್ಲೇ ಇದೆ. ಅದರ ಜಿಲ್ಲೆ 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರವಾಯಿತು. ಬೆಂಗಳೂರು ದಕ್ಷಿಣವೆಂದು ಹೆಸರಿಡಲು 2025ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಇಂಥ ತೀರ್ಮಾನದ ಸುದ್ದಿ ಈಗ ನಿಮಿಷದಲ್ಲಿ ಊರು ಮುಟ್ಟುತ್ತದೆ. ಊರಿನ ಮಾತು ಅಷ್ಟೇ ಬೇಗ ಮೇಲಕ್ಕೆ ಮುಟ್ಟುತ್ತದೆಯೆ ಎಂಬುದೇ ನೋಡಬೇಕಾದದ್ದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ನಂಟರಿದ್ದಾರೆ. ಗುಂಪಿನಲ್ಲಿ ಗ್ರಾಮಸಭೆಯ ತಾರೀಖು ಕಂಡಾಗ ಅದನ್ನು ಮೊಬೈಲಿಲ್ಲದವರಿಗೂ ಬಾಯಿಮಾತಿನಲ್ಲಿ ಮುಟ್ಟಿಸುವಂತೆ ಅವರಿಗೆ ಹೇಳಿ. ಸಭೆಗೆ ಹೋಗಿ ಕುಳಿತು, ಕೇಳಬೇಕಾದುದನ್ನು ಎರಡು ಅರ್ಥದಲ್ಲಿಯೂ ಕೇಳುವಂತೆ ಹೇಳಿ.