ನರೆಗೆ ಮದರಂಗಿ

ಕವಿ ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಯಶೌಘನೆಂಬ ಅರಸನು ತನ್ನ ತಲೆಯಲ್ಲಿ ನರೆಗೂದಲನ್ನು ಕಂಡು, ವಿರಕ್ತನಾಗಿ, ಮಗನಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ನರೆಯನ್ನು ಕಾಲನ ಓಲೆಯೆಂದು ಬಗೆದು ಹೀಗೆ ಹೊರಟವರು ವಿರಳ. ಮನೆಯಲ್ಲಿಯೇ ಉಳಿದ ಬಹುಜನರು ಎಲೆಯನ್ನೋ ಕಾಯನ್ನೋ ಅರೆದು ತಲೆಗೆ ಹಚ್ಚಿಕೊಂಡರು. ಅಂತಹ ದ್ರವ್ಯಗಳಲ್ಲಿ ಗೋರಂಟಿಯೆಂದೂ ಹೆಸರುಳ್ಳ ಮದರಂಗಿಯು ಬಹು ಪ್ರಾಚೀನವಾದುದು. ಆದರೆ ಜನರು ಬಯಸಿದ ಕಪ್ಪನ್ನು ಆ ಎಲೆಯು ಎಂದೂ ಕೊಟ್ಟುದಿಲ್ಲ. ಅದು ಕೊಡುವುದು ಕೆಂಪನ್ನು ಮಾತ್ರ. ಅದರ ಚರಿತ್ರೆಯೆಲ್ಲವೂ ಈ ಕೆಂಪು ಕಪ್ಪುಗಳ ವ್ಯಾಜ್ಯವೇ ಆಗಿದೆ.

ಈಜಿಪ್ಟಿನ ಮಹಾರಾಜನಾದ ಎರಡನೆಯ ರಾಮ್ಸೆಸನು ಕ್ರಿಸ್ತಪೂರ್ವ 1213ರ ಸುಮಾರಿಗೆ, ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ತೀರಿಕೊಂಡನು. ಕೆಡದಂತೆ ಕಾದಿರಿಸಿದ ಅವನ ಕಳೇಬರವನ್ನು 1976ರಲ್ಲಿ ಪ್ಯಾರಿಸ್ ನಗರಕ್ಕೆ ಒಯ್ದು ಪರೀಕ್ಷಿಸಿದರು. ಅವನ ನರೆಗೂದಲಿಗೆ ಹಳದಿ ಬೆರೆತ ಕೆಂಪು ಛಾಯೆಯಿದೆ. ಇದು ಮದರಂಗಿಯ ಬಣ್ಣವೆಂದು ಕೆಲವರೂ, ಶವಸಂಸ್ಕಾರದ ಸುಗಂಧದ್ರವ್ಯಗಳಿಂದ ಬಂದುದೆಂದು ಬೇರೆ ಕೆಲವರೂ ಅಭಿಪ್ರಾಯಪಟ್ಟಿದ್ದಾರೆ.

ಅರಬ್ಬೀ ದೇಶದ ಸಾಕ್ಷ್ಯವು ಇದಕ್ಕಿಂತ ಸ್ಪಷ್ಟವಾಗಿದೆ. 630ರಲ್ಲಿ ಮಕ್ಕಾ ನಗರವು ವಶವಾದಾಗ, ಅಬೂಬಕರರ ವೃದ್ಧ ತಂದೆಯಾದ ಅಬೂ ಕುಹಾಫರ ತಲೆಯೂ ಗಡ್ಡವೂ ಅಚ್ಚಬಿಳುಪಾಗಿದ್ದುವು. ಅವರನ್ನು ಕಂಡ ಪ್ರವಾದಿ ಮಹಮ್ಮದರು, ಆ ಬಿಳುಪನ್ನು ಬದಲಾಯಿಸಬೇಕೆಂದೂ ಆದರೆ ಕಪ್ಪನ್ನು ವರ್ಜಿಸಬೇಕೆಂದೂ ಹೇಳಿದರೆಂದು ಹದೀಸ್ ಗ್ರಂಥಗಳಿಂದ ತಿಳಿಯಬರುತ್ತದೆ. ಮುದುಕನು ಯುವಕನಂತೆ ತೋರಿ ಪರರನ್ನು ವಂಚಿಸಬಾರದೆಂಬುದು ಈ ನಿಷೇಧಕ್ಕೆ ಧರ್ಮಶಾಸ್ತ್ರಜ್ಞರು ಕೊಟ್ಟ ಕಾರಣಗಳಲ್ಲೊಂದು. ಮದರಂಗಿಯ ಕೆಂಪು ವಯಸ್ಸನ್ನು ಅಲಂಕರಿಸುತ್ತದೆಯೇ ಹೊರತು ಮರೆಮಾಚುವುದಿಲ್ಲ. ನಮ್ಮ ನಾಡಿನ ಮುಸಲ್ಮಾನ ವೃದ್ಧರಲ್ಲಿ ಕೆಂಗಡ್ಡದವರನ್ನು ಇಂದಿಗೂ ಕಾಣಬಹುದು.

ಭರತಖಂಡದಲ್ಲಾದರೋ ಕಪ್ಪಿನ ಬಯಕೆಗೆ ಸಂಕೋಚವಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ತಲೆ ನರೆತವನಿಗೆ ಮಾಲೆ, ಗಂಧ, ಭೂಷಣಗಳೊಂದೂ ಶೋಭಿಸವೆಂದು ಹೇಳಿ ಉಪಾಯವನ್ನೂ ವಿವರಿಸಿದ್ದಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ, ಹುಳಿಯಲ್ಲಿ, ಕಬ್ಬಿಣದ ಪುಡಿಯೊಡನೆ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಹಚ್ಚಿ, ಹಸಿಯ ಎಲೆಗಳಿಂದ ಸುತ್ತಿ ಎರಡು ಜಾವ ಬಿಡಬೇಕು. ಬಳಿಕ ನೆಲ್ಲಿಕಾಯಿಯ ಲೇಪವನ್ನಿಟ್ಟು ಮತ್ತೆರಡು ಜಾವ ಕಾಯಬೇಕು. ನೆಲ್ಲಿಯ ಒಗರು ಕಬ್ಬಿಣದೊಡನೆ ಕೂಡಿ ಕಪ್ಪಾಗುವುದೇ ಇದರ ಮರ್ಮ. ಇಲ್ಲಿ ಮದರಂಗಿಯ ಮಾತೇ ಇಲ್ಲವೆಂಬುದು ಗಮನಾರ್ಹ.

ಪಾರಸೀಕರು ಮದರಂಗಿಯನ್ನು ಬಿಡದೆಯೇ ಕಪ್ಪನ್ನು ಸಾಧಿಸಿದರು. ಸ್ನಾನಗೃಹದಲ್ಲಿ ಮೊದಲು ಮದರಂಗಿಯನ್ನೂ, ಅದನ್ನು ತೊಳೆದ ಮೇಲೆ ನೀಲಿಗಿಡದ ಎಲೆಯ ಪುಡಿಯನ್ನೂ ಹಚ್ಚುವ ಅವರ ಪದ್ಧತಿಯನ್ನು 19ನೆಯ ಶತಮಾನದ ಐರೋಪ್ಯ ಪ್ರವಾಸಿಗರು ವರ್ಣಿಸಿದ್ದಾರೆ. ಮದರಂಗಿಯ ವರ್ಣದ್ರವ್ಯಕ್ಕೆ ಲಾಸೋನ್ ಎಂದು ಹೆಸರು. ಪುಡಿಯನ್ನು ನೀರಿನಲ್ಲಿಯೋ ನಿಂಬೆಯ ಹುಳಿಯಲ್ಲಿಯೋ ಕಲಸಿ ಕೆಲವು ಗಂಟೆ ಇಟ್ಟರೆ ಅದು ಹೊರಬಿದ್ದು, ಕೂದಲಿನ ಕೆರಾಟಿನ್ ಎಂಬ ಅಂಶದೊಡನೆ ಬೆಸೆದುಕೊಳ್ಳುತ್ತದೆ. ನರೆಗೂದಲಿನ ಮೇಲೆ ಕಿತ್ತಳೆಗೆಂಪಾಗಿಯೂ, ಕರಿಗೂದಲಿನ ಮೇಲೆ ಬಿಸಿಲಿನಲ್ಲಿ ಮಾತ್ರ ಕಾಣುವ ಹೊಳಪಾಗಿಯೂ ತೋರುತ್ತದೆ. ನೀಲಿಯು ಆ ಕೆಂಪಿನ ಮೇಲೆ ಗಾಳಿಯ ಸಂಪರ್ಕದಿಂದ ಬಲಿತು ಕಪ್ಪಿಗೆ ತಿರುಗುತ್ತದೆ. ಜಟೆಗಟ್ಟಿದ ಕೂದಲಿನೊಳಗೆ ಲೇಪವು ಸಿಕ್ಕಿಕೊಂಡರೆ ತೊಳೆಯಲಾಗದು. ಅಂಥವರಿಗೆ ಸೋಸಿದ ಕಷಾಯವೇ ಲೇಸು.

ಇಷ್ಟು ಹೊತ್ತು ಕಾಯುವ ತಾಳ್ಮೆ ಆಧುನಿಕ ಕಾಲಕ್ಕೆ ಇಲ್ಲವಾಯಿತು. 1907ರಲ್ಲಿ ಫ್ರೆಂಚ್ ರಸಾಯನಜ್ಞನಾದ ಯೂಜೀನ್ ಶುಲೆರ್ ಕೃತಕ ಕೇಶವರ್ಣವನ್ನು ಸಿದ್ಧಪಡಿಸಿದನು. ಇಂದು ‘ಕಪ್ಪು ಮದರಂಗಿ’ ಎಂಬ ಹೆಸರಿನಲ್ಲಿ ಮಾರುವ ಎಷ್ಟೋ ಪುಡಿಗಳಲ್ಲಿ ಪ್ಯಾರಾ-ಫಿನಿಲೀನ್ ಡೈಅಮೀನ್ ಎಂಬ ಕೃತಕ ದ್ರವ್ಯವು ಬೆರೆತಿರುತ್ತದೆ. ಅದು ಒಗ್ಗದವರಿಗೆ ತುರಿಕೆ, ಬೊಬ್ಬೆ, ಮುಖದ ಊತಗಳುಂಟಾಗುತ್ತವೆ. ಒಮ್ಮೆ ಹೀಗಾದವರಿಗೆ ಮುಂದೆಂದೂ ಅದು ಒಗ್ಗದು. ಎಲೆಯ ಹೆಸರನ್ನು ನಂಬಿ ತಾಯಂದಿರು ಇದನ್ನು ನಿಶ್ಚಿಂತೆಯಿಂದ ಹಚ್ಚಿಕೊಳ್ಳುವುದೇ ಶೋಚನೀಯ. ಅರ್ಧಗಂಟೆಯಲ್ಲಿ ಕಪ್ಪಾಗಿಸುವ ಪುಡಿಯು ಬರಿಯ ಮದರಂಗಿಯಾಗಿರಲಾರದೆಂಬ ಒಂದು ಮಾತನ್ನು ಮನೆಯವರೆಲ್ಲರೂ ನೆನಪಿನಲ್ಲಿಟ್ಟರೆ ಸಾಕು. ನರೆಯ ಮೇಲೆ ಕೆಂಪನ್ನು ಕಂಡು ನಾಚದಿದ್ದ ಹಿರಿಯರಿಗೆ ಈ ವಿಪತ್ತು ಒದಗಿರಲಿಲ್ಲ.