ಬೀದಿಗೆ ಬಂದ ಹಾಡು

ಗದಗಿನ ಶಾಲಾ ಮಾಸ್ತರ ಗುರುರಾಜ ಜೋಶಿಯವರಿಗೆ ಹಿರಿಯ ಮಗನದೇ ಚಿಂತೆ. ಬೀದಿಯಲ್ಲಿ ಭಜನೆಯ ಮೇಳ ಹೊರಟರೆ ಸಾಕು, ಹುಡುಗ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ನಡೆದು ನಡೆದು ಸುಸ್ತಾದರೆ ಎಲ್ಲೆಂದರಲ್ಲಿ ಮಲಗಿ ನಿದ್ದೆ ಹೋಗುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ, ಸಿಕ್ಕವರು ಮನೆಗೆ ತಂದು ಬಿಡಲಿ ಎಂದು ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಆ ಉಪಾಯ ಬಹಳ ಕಾಲ ನಡೆಯಲಿಲ್ಲ. ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಠುಮರಿಯ ಪ್ಲೇಟು ಹುಡುಗನ ಕಿವಿಗೆ ಬಿತ್ತು. ಹಾಗೆ ಹಾಡುವುದನ್ನು ಕಲಿಸುವ ಗುರು ಬೇಕೆಂದು 1933ರಲ್ಲಿ, 11ರ ವಯಸ್ಸಿನಲ್ಲಿ, ಭೀಮಸೇನ ಮನೆ ಬಿಟ್ಟು ಹೊರಟೇಬಿಟ್ಟ.

ಅದೇ ಸೀಮೆಯಲ್ಲಿ ಇಂಥ ಕಿವಿಗಳು ಇನ್ನೂ ಇದ್ದವು. ಭೀಮಸೇನ ಹುಟ್ಟುವುದಕ್ಕೆ 9 ವರ್ಷ ಮುಂಚೆ, 1913ರಲ್ಲಿ, ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ, ಬೀದಿಯಲ್ಲಿ ಗ್ರಾಮಾಫೋನ್ ಸದ್ದು ಕೇಳಿದರೆ ಆಟ ಬಿಟ್ಟು ಓಡುತ್ತಿದ್ದಳು. ಕೇಳಿದ್ದನ್ನು ಮನೆಗೆ ಬಂದು ಹಾಡಿ ನೋಡುತ್ತಿದ್ದಳು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳನ್ನು ಸೆಳೆದದ್ದು ಬೀದಿಯಿಂದ ಬಂದ ಹಿಂದೂಸ್ತಾನಿ. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠನದು ಮತ್ತೂ ಅಚ್ಚರಿಯ ಕಥೆ. ದೊಡ್ಡ ಉಸ್ತಾದರ ಪ್ಲೇಟುಗಳನ್ನು ಕೇಳಿ, ತಾನ್, ಮುರ್ಕಿ ಒಂದೂ ಬಿಡದೆ ಹಾಗೆಯೇ ಹಾಡಿಬಿಡುತ್ತಿದ್ದ ಆ ಬಾಲಕನಿಗೆ ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂದು ಹೆಸರಿಟ್ಟರು. ಮುಂದೆ ಅದೇ ಹೆಸರು ನಿಂತಿತು.

ಭೀಮಸೇನನಾಗಲಿ ಗಂಗೂಬಾಯಿಯಾಗಲಿ ಆ ಪ್ಲೇಟನ್ನು ಕೊಂಡವರಲ್ಲ, ಇಂಥದ್ದನ್ನೇ ಹಾಕಿ ಎಂದು ಕೇಳಿದವರೂ ಅಲ್ಲ. ಹಾಕಿದವರು ಯಾರೋ, ಅವರ ಅಭಿರುಚಿ ಎಂಥದ್ದೋ. ಇವತ್ತು ಫೋನಿನೊಳಗಿನ ಪಟ್ಟಿ ನಾವು ನಿನ್ನೆ ಕೇಳಿದ್ದನ್ನು ಹೋಲುವ ಹಾಡನ್ನು ಹುಡುಕಿ ಮುಂದಿಡುತ್ತದೆ. ಗದಗಿನ ಹುಡುಗ ನಿನ್ನೆಯವರೆಗೆ ಕೇಳಿದ್ದು ಭಜನೆ. ಅದರ ಲೆಕ್ಕ ಹಿಡಿದಿದ್ದರೆ ಅವನಿಗೆ ಇನ್ನೊಂದು ಭಜನೆ ಸಿಗುತ್ತಿತ್ತು, ಖಾನರ ಕಿರಾಣಾ ಘರಾಣೆ ಸಿಗುತ್ತಿರಲಿಲ್ಲ. ಕರ್ನಾಟಕದಲ್ಲಿ ಹೊಸ ಹಾಡು ಜನರನ್ನು ಮುಟ್ಟಿದ ಬಗೆಯನ್ನು ನೋಡುತ್ತ ಹೋದರೆ, ಬೇರೆಯವರು ತಮಗಾಗಿ ಹಾಕಿಕೊಂಡ ಹಾಡು ದಾರಿಹೋಕನ ಪಾಲಾದ ಪ್ರಸಂಗಗಳೇ ಹೆಚ್ಚು ಸಿಗುತ್ತವೆ.

ಆ ಪ್ಲೇಟುಗಳ ಕಥೆ ಶುರುವಾದದ್ದು ಕಲ್ಕತ್ತೆಯಲ್ಲಿ. 1902ರಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ತಾಸುಗಟ್ಟಲೆ ಹರಡಿಕೊಳ್ಳುವ ರಾಗವನ್ನು ಮೂರು ಚಿಲ್ಲರೆ ನಿಮಿಷಕ್ಕೆ ಇಳಿಸಬೇಕು, ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಗೌಹರ್ ಜಾನ್ ಅವರ ರೂಢಿ. ಮೇಣದ ಮೂಲ ಪ್ರತಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಚ್ಚಾಗುತ್ತಿತ್ತು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಪ್ಲೇಟಿಗೆ ಬೇಕಾದ ಅರಗು ಮಾತ್ರ ಭಾರತದ ಕಾಡಿನದು. 1908ಕ್ಕೆ ಕಲ್ಕತ್ತೆಯ ಸಿಯಾಲ್ದಾದಲ್ಲೇ ಅಚ್ಚಿನ ಕಾರ್ಖಾನೆ ಬಂತು, ಪ್ಲೇಟು ಹಡಗು ಹತ್ತುವುದು ತಪ್ಪಿತು. ಹೆಸರು, ಹಣ, ಗಾಸಿಪ್ಪು ಎಲ್ಲವನ್ನೂ ಕಂಡ ಗೌಹರ್ ಜಾನ್ ಕಡೆಗಾಲಕ್ಕೆ ಬಂದದ್ದು ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು. ಗೌಹರ್ ಜಾನ್ 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಗ್ರಾಮಾಫೋನು ಎಲ್ಲರ ಮನೆಯ ವಸ್ತುವಾಗಿರಲಿಲ್ಲ. ಸಾಹುಕಾರರ ಜಗುಲಿ, ಪೇಟೆಯ ಅಂಗಡಿ, ಚಹಾದ ಹೋಟೆಲು ಅದರ ನೆಲೆಗಳು. ಗಿರಾಕಿಯನ್ನು ಕರೆಯಲು ಹೋಟೆಲಿನವರು ಅದರ ಕಹಳೆಯನ್ನು ಬೀದಿಯ ಕಡೆ ತಿರುಗಿಸಿಡುತ್ತಿದ್ದರು. ಕೀಲಿ ಕೊಡಬೇಕು, ಪುಟ್ಟ ಡಬ್ಬಿಯಿಂದ ಹೊಸ ಉಕ್ಕಿನ ಮುಳ್ಳು ತೆಗೆದು ಸಿಕ್ಕಿಸಬೇಕು. ಒಂದೆರಡು ಮಗ್ಗುಲು ಹಾಡುವಷ್ಟರಲ್ಲಿ ಮುಳ್ಳು ಸವೆದುಹೋಗುತ್ತಿತ್ತು. ಹಳೆ ಮುಳ್ಳಿನಲ್ಲೇ ದುಡಿಸಿದರೆ ಪ್ಲೇಟಿನ ಗೆರೆ ಕೆಟ್ಟು ಹಾಡಿನ ಮೇಲೆ ಸುರ್ ಎಂಬ ಸದ್ದು ಏರುತ್ತಿತ್ತು. ಗಲ್ಲಾದಲ್ಲಿ ಕೂತವನು ಇಷ್ಟಪಟ್ಟು ತಂದ ಹತ್ತಾರು ಪ್ಲೇಟುಗಳೇ ಇಡೀ ಪೇಟೆಯ ಸಂಗೀತ ಭಂಡಾರ. ಅವನು ಮುಂಬೈಗೋ ಮೀರಜಿಗೋ ಹೋಗಿ ಹೊಸದು ತಂದ ದಿನ ಇಡೀ ಓಣಿಗೆ ಹೊಸ ಹಾಡು.

ಇದರಿಂದ ಆದ ದೊಡ್ಡ ಬದಲಾವಣೆಯನ್ನು ಸಂಗೀತದ ಇತಿಹಾಸಗಳು ಇನ್ನಷ್ಟು ಒತ್ತಿ ಹೇಳಬೇಕಿತ್ತು. ಅದುವರೆಗೆ ಉಸ್ತಾದರ ಗಾಯನವೆಂದರೆ ಅರಮನೆಯಲ್ಲಿ, ವಾಡೆಯಲ್ಲಿ, ಆಹ್ವಾನ ಇದ್ದವರ ನಡುವೆ. ಹಾಡುವ ಹೆಣ್ಣುಮಕ್ಕಳ ಬೈಠಕ್ಕಿಗೆ ಮರ್ಯಾದಸ್ಥರೆನಿಸಿಕೊಂಡವರು ಕದ್ದುಮುಚ್ಚಿ ಹೋಗುತ್ತಿದ್ದರು, ಮನೆಯ ಹೆಂಗಸರಂತೂ ಅತ್ತ ಹಾಯುವಂತಿರಲಿಲ್ಲ. ಪ್ಲೇಟಿಗೆ ಈ ಕಟ್ಟುಪಾಡು ಇರಲಿಲ್ಲ. ಒಳಗೆ ಬಿಡದ ಜಾತಿಯವನಿಗೂ ಹೊರಗೆ ನಿಂತು ಕೇಳಲು ತಡೆ ಇರಲಿಲ್ಲ. 1932ರಲ್ಲಿ ಎಚ್‌ಎಂವಿ ಕಂಪನಿ ಗಂಗೂಬಾಯಿಯನ್ನೇ ಮುಂಬೈಗೆ ಕರೆಸಿ ಮುದ್ರಿಸಿಕೊಂಡಿತು. ಅವರ ಆ ಕಾಲದ ಪ್ಲೇಟುಗಳ ಮೇಲಿದ್ದ ಹೆಸರು ಗಾಂಧಾರಿ. ಅವನ್ನು ಈಗ ಕೇಳಿದವರು ಬೆರಗಾಗುತ್ತಾರೆ: ತೆಳು, ಎತ್ತರದ, ಹುಡುಗಿಯ ದನಿ. ನಾವೆಲ್ಲ ಬಲ್ಲ ಗಂಭೀರವಾದ ಗಡಸು ಕಂಠ ಬಂದದ್ದು ಆಮೇಲೆ, ಗಂಟಲಿನ ಚಿಕಿತ್ಸೆಯ ನಂತರ.

ಮನೆ ಬಿಟ್ಟ ಭೀಮಸೇನ ಟಿಕೆಟ್ಟಿಲ್ಲದೆ ರೈಲು ಹತ್ತಿ, ಹಿಡಿದ ಅಧಿಕಾರಿಗಳಿಗೆ ಹಾಡು ಹೇಳಿ ತಪ್ಪಿಸಿಕೊಳ್ಳುತ್ತ ಪುಣೆ, ಗ್ವಾಲಿಯರ್ ದಾಟಿ ಜಲಂಧರದವರೆಗೆ ಹೋದ. ಅಲ್ಲಿ ಗಾಯಕ ವಿನಾಯಕರಾವ್ ಪಟವರ್ಧನರು ಹೇಳಿದ ಮಾತು ಅವನನ್ನು ಹಿಂದಕ್ಕೆ ತಂದಿತು: ನಿನ್ನ ಊರ ಪಕ್ಕದಲ್ಲೇ ಸವಾಯಿ ಗಂಧರ್ವರಿದ್ದಾರೆ, ಹೋಗಿ ಅವರಲ್ಲಿ ಕಲಿ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು. ಪ್ಲೇಟಿನಲ್ಲಿ ಕೇಳಿದ ದನಿಯ ಬೇರು ಮನೆಯಿಂದ ಅರ್ಧ ದಿನದ ಹಾದಿಯಲ್ಲಿತ್ತು! ಗಂಗೂಬಾಯಿಯೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಸಂಜೆ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರುವ ಕೆಲಸ ಭೀಮಸೇನನದು. ಖಾನ್ ಸಾಹೇಬರಿಗೂ ಕನ್ನಡ ನಾಡಿನ ನಂಟು ಹಳೆಯದು. ಮೈಸೂರು ಆಸ್ಥಾನಕ್ಕೆ ಬಂದು ಹೋಗುತ್ತ ದಕ್ಷಿಣದ ಸಂಗೀತಕ್ಕೆ ಕಿವಿಗೊಟ್ಟವರು ಅವರು; ತ್ಯಾಗರಾಜರ ಕೃತಿಯನ್ನೂ ಪ್ಲೇಟಿಗೆ ಹಾಡಿದ್ದಾರೆ.

ಮೈಸೂರಿನಲ್ಲಿ ಹೊಸ ಹಾಡಿಗೆ ಬೇರೊಂದು ದಾರಿ ತೆರೆದದ್ದು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ವಿಠಲ ವಿಹಾರದಲ್ಲೇ 30 ವಾಟ್‌ನ ಪ್ರಸಾರಯಂತ್ರ ಇಟ್ಟು ಬಾನುಲಿ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಊರಿನ ವಿದ್ವಾಂಸರು ಮನೆಗೆ ಬಂದು ಹಾಡಿ ಹೋಗುತ್ತಿದ್ದರು, ಕೇಂದ್ರ ಸ್ವಂತ ಖರ್ಚಿನಲ್ಲಿ ನಡೆಯುತ್ತಿತ್ತು. ರೇಡಿಯೋ ಕೊಳ್ಳಲಾಗದವರಿಗೆ ಉದ್ಯಾನಗಳಲ್ಲಿ ಪುರಸಭೆ ರೇಡಿಯೋ ಕೊಠಡಿ ಕಟ್ಟಿಸಿತು. ಸಂಜೆ ಸಿಬ್ಬಂದಿ ಬಂದು ಬೀಗ ತೆಗೆದು ಪೆಟ್ಟಿಗೆ ಹಚ್ಚಿದರೆ, ವಾರ್ತೆಗೆ ಬಂದವರು ವಾರ್ತೆ ಮುಗಿದ ಮೇಲೂ ಕಲ್ಲುಬೆಂಚಿನಲ್ಲಿ ಕೂತು ವೀಣೆ ಕೇಳುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಬದುಕಿನಲ್ಲಿ ಒಂದು ಕಚೇರಿಗೂ ಹೋದವರಲ್ಲ. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಬಂತು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು.

ಅಷ್ಟರಲ್ಲಿ ಜನಕ್ಕೆ ಸಿನಿಮಾ ಹಾಡಿನ ಹುಚ್ಚು ಹಿಡಿದಿತ್ತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಆ ಹಾಡುಗಳು ಸೇರಲಿಲ್ಲ. ಆಕಾಶವಾಣಿಯಲ್ಲಿ ಅವು ಇಲ್ಲವೇ ಇಲ್ಲ ಎಂಬಂತಾಯಿತು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗಿದ್ದ ಕಳಕಳಿ ನಿಜವಾದದ್ದೇ, ಆದರೆ ಕಿವಿಯನ್ನು ಕಾಯಿದೆಯಿಂದ ತಿದ್ದಲಾಗದು. ಕೇಳುಗರು ಸೂಜಿಯನ್ನು ಶಾರ್ಟ್‌ವೇವ್ ಕಡೆಗೆ ತಿರುಗಿಸಿದರು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಕೊಲಂಬೊದಲ್ಲಿ ನಿಲ್ಲಿಸಿದ್ದ ಬಲಶಾಲಿ ಪ್ರಸಾರಯಂತ್ರ ಯುದ್ಧ ಮುಗಿದ ಮೇಲೆ ರೇಡಿಯೋ ಸಿಲೋನ್ ಪಾಲಾಗಿತ್ತು. ನಿರೂಪಕ ಅಮೀನ್ ಸಯಾನಿ ಮುಂಬೈಯಲ್ಲಿ ಧ್ವನಿಮುದ್ರಿಸಿದ, ಹಿಂದಿ ಸಿನಿಮಾ ಹಾಡುಗಳ ‘ಬಿನಾಕಾ ಗೀತಮಾಲಾ’ ಕಾರ್ಯಕ್ರಮದ ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ಬುಧವಾರ ರಾತ್ರಿ ಬಳ್ಳಾರಿ, ಬೀದರ್, ಶಿರಸಿಯ ಮನೆಗಳಿಗೆ ಮರಳಿ ಬರುತ್ತಿತ್ತು. ದನಿ ಉಬ್ಬಿ ತಗ್ಗುತ್ತಿತ್ತು, ಮಳೆಗಾಲದಲ್ಲಿ ಗುಡುಗು ಸೇರಿಕೊಳ್ಳುತ್ತಿತ್ತು. ಹಿಂದಿ ಬಾರದವರೂ ಆ ವಾರ ಯಾವ ಹಾಡು ಎಷ್ಟನೇ ಮೆಟ್ಟಿಲು ಹತ್ತಿತು ಎಂದು ಮರುದಿನ ಶಾಲೆಯಲ್ಲಿ ಮಾತಾಡುತ್ತಿದ್ದರು. 1957ರ ಅಕ್ಟೋಬರಿನಲ್ಲಿ ಆಕಾಶವಾಣಿಯ ವಿವಿಧ ಭಾರತಿ ಶುರುವಾದದ್ದು ಈ ಒತ್ತಡದಿಂದಲೇ. ಕೋರಿಕೆಯ ಕಾರ್ಡು ಬರೆದವರ ಹೆಸರನ್ನೂ ಊರನ್ನೂ ಓದಿ ಹಾಡು ಹಾಕುವ ಪದ್ಧತಿ ಬಂದ ಮೇಲೆ, ನಕ್ಷೆಯಲ್ಲಿ ಯಾರೂ ಹುಡುಕದ ಹಳ್ಳಿಯ ಹೆಸರು ನಾಡಿಗೆಲ್ಲ ಕೇಳಿಸಿತು.

ಟೆಂಟ್ ಸಿನಿಮಾದವರು ಆಟಕ್ಕೆ ಮುಂಚೆ ಲೌಡ್‌ಸ್ಪೀಕರಿನಲ್ಲಿ ಹಾಕುತ್ತಿದ್ದ ಪ್ಲೇಟುಗಳಿಂದಲೂ ಹಳ್ಳಿಗಳು ಹಾಡು ಕಲಿತವು. ಘಂಟಸಾಲರ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಟಿಕೆಟು ಕೊಡುವ ಹೊತ್ತಾಯಿತು ಎಂದು ಗದ್ದೆಯಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಟೆಂಟಿನ ಬಾಗಿಲಲ್ಲಿ ಕೆಲವೇ ಪೈಸೆಗೆ ಹಾಡಿನ ಪುಸ್ತಕ: ಮೊದಲಿಗೆ ಅರ್ಧ ಕಥೆ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಸೂಚನೆ, ಆಮೇಲೆ ಸಾಹಿತ್ಯ. ಧಾಟಿ ನೆನಪಿನಲ್ಲಿ, ಮಾತು ಕೈಯಲ್ಲಿ.

ಕ್ಯಾಸೆಟ್ ಬಂದಾಗ ಆಯ್ಕೆ ಎಂಬುದು ಮೊದಲ ಸಲ ಸಾಮಾನ್ಯರ ಕೈಗೆ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಿದ್ದು, ಕನ್ನಡ ಭಾವಗೀತೆಗೆ ಸಿನಿಮಾದ ಹಂಗಿಲ್ಲದ ಮಾರುಕಟ್ಟೆಯೊಂದು ಹುಟ್ಟಿತು. ಭೀಮಸೇನ ಜೋಶಿಯವರ ದಾಸವಾಣಿ ಹಳೇ ಮೈಸೂರಿನ ಅಡುಗೆಮನೆಗಳಿಗೂ ಹೋಯಿತು. ಆ ಕಾಲದ ನಿಜವಾದ ಮಾರ್ಗದರ್ಶಿ ಕ್ಯಾಸೆಟ್ ಅಂಗಡಿಯವನು. ಬೇಕಾದ ಹಾಡುಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಖಾಲಿ ಕ್ಯಾಸೆಟ್ ಜೊತೆ ಕೊಟ್ಟರೆ ಎರಡು ದಿನಕ್ಕೆ ತುಂಬಿಸಿ ಕೊಡುತ್ತಿದ್ದ. ಕೊನೆಯಲ್ಲಿ ನಾಲ್ಕು ನಿಮಿಷ ಉಳಿದರೆ ತನ್ನ ಇಷ್ಟದ್ದೊಂದು ಸೇರಿಸುತ್ತಿದ್ದ. ಎಷ್ಟೋ ಮಂದಿಗೆ ಗಜಲ್, ವಚನ, ಇಳಯರಾಜ ಪರಿಚಯವಾದದ್ದು ಆ ಉಳಿದ ನಾಲ್ಕು ನಿಮಿಷಗಳಲ್ಲಿ. ಇದು ಕಾನೂನಿಗೆ ಒಪ್ಪುವ ವ್ಯಾಪಾರವಾಗಿರಲಿಲ್ಲ, ಹಾಡಿದವರಿಗೆ ಅದರಿಂದ ಬಿಡಿಗಾಸೂ ಹೋಗಲಿಲ್ಲ. ಆ ನಷ್ಟವನ್ನು ಮರೆತು ಆ ದಿನಗಳನ್ನು ಹೊಗಳುವುದು ಸರಿಯಲ್ಲ.

ಕರಾವಳಿಯಲ್ಲಿ ಕ್ಯಾಸೆಟ್ಟಿಗೆ ಇನ್ನೊಂದು ಬದುಕೇ ಇತ್ತು. ಯಕ್ಷಗಾನದ ಮೇಳಗಳು ಮಳೆಗಾಲ ಕಳೆದ ಮೇಲೆ ಹೊರಟು ಮೇ ಕೊನೆಯವರೆಗೆ ಊರೂರು ತಿರುಗುತ್ತವೆ; ಒಂದು ರಾತ್ರಿ ಒಂದು ಊರು. ಈ ರಾತ್ರಿ ಭಾಗವತರು ಪದಕ್ಕೆ ಹಾಕಿದ ರಾಗ ನಾಳೆ ಬದಲಾಗಬಹುದು. ಎಂಬತ್ತರ ದಶಕದಲ್ಲಿ ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು ಹಾಡುತ್ತಾರೆ ಎಂದರೆ ಜನ ಟೇಪ್‌ರೆಕಾರ್ಡರ್ ಹೊತ್ತು ಬರುತ್ತಿದ್ದರು. ಅಪ್ಪ ರಾಮಚಂದ್ರ ನಾವಡರೂ ಭಾಗವತರು, ಕಲಿಸಿದವರು ನಾರ್ಣಪ್ಪ ಉಪ್ಪೂರರು. ಬಡಗುತಿಟ್ಟು ಶೈಲಿಯ ಆ ತಳಹದಿಯ ಮೇಲೆ ನಾವಡರು ಯಕ್ಷಗಾನ ಹಿಂದೆ ಕೇಳದ ರಾಗಗಳನ್ನು ತಂದರು, ಭಾವಗೀತೆಯ ಮೆಲುದನಿಯನ್ನು ತಂದರು. ಅವರೇ ಬರೆದ ‘ನಾಗಶ್ರೀ’ ಪ್ರಸಂಗ ಡೇರೆ ತುಂಬಿಸಿತು. ಹಿರಿಯರು ಕೆಲವರು ಇದು ಯಕ್ಷಗಾನವೇ ಎಂದು ಕೇಳಿದರು. ಹುಡುಗರು ಟೇಪನ್ನು ಒಬ್ಬರಿಂದೊಬ್ಬರು ಪ್ರತಿ ಮಾಡಿಸಿಕೊಂಡರು. ಆ ಟೇಪುಗಳಲ್ಲಿ ಚಂಡೆಯ ಅಬ್ಬರದ ನಡುವೆ ಮಗುವಿನ ಅಳು, ಪಕ್ಕದಲ್ಲಿ ಕೂತವರ ಕೆಮ್ಮು, ಒಳ್ಳೆಯ ಆಲಾಪಕ್ಕೆ ಬಿದ್ದ ಶಿಳ್ಳೆ ಎಲ್ಲವೂ ಇವೆ. ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕುಂದಾಪುರದ ಹುಡುಗರು ಊರಿಗೆ ಬರದೆಯೇ ಆ ವರ್ಷದ ಹೊಸ ಪದ ಕೇಳುತ್ತಿದ್ದದ್ದು ಅವುಗಳಿಂದ.

1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡಾಗ ಅವರ ವಯಸ್ಸು ಇನ್ನೂ ಮೂವತ್ತರ ಆಸುಪಾಸು. ಆಮೇಲೆ ಭಾಗವತಿಕೆಗೆ ಬಂದ ಎಷ್ಟೋ ಯುವಕರು ಅವರನ್ನು ಕಂಡವರೇ ಅಲ್ಲ. ನಾವಡರ ಹಾಡಿಕೆಯ ಎತ್ತುಗಡೆ, ರಾಗ ಬದಲಿಸುವ ಜಾಗ, ಪದ ಬಿಡಿಸುವ ರೀತಿ ಎಲ್ಲವನ್ನೂ ಅವರು ಕಲಿತದ್ದು, ರಂಗಸ್ಥಳದ ಮುಂದೆ ಕೂತು ಯಾರೋ ತಮ್ಮ ಸಂತೋಷಕ್ಕೆ ತುಂಬಿಕೊಂಡ ಆ ಕ್ಯಾಸೆಟ್ಟುಗಳಿಂದ.