ರಾಜಕುಮಾರ ಹುವಾನನ ಅಲ್ಪಾಯುಷ್ಯ ಮತ್ತು ಒಂದು ವೇದವಾಕ್ಯ

ಸ್ಪೇನಿನ ಆವಿಲಾ ನಗರದಲ್ಲಿ ಡೊಮಿನಿಕನ್ ಸಭೆಗೆ ಸೇರಿದ ಸಂತ ಥಾಮಸರ ಮಠವಿದೆ. ಅದರ ದೇವಾಲಯದಲ್ಲಿ ಇಟಲಿಯ ಶಿಲ್ಪಿ ದೊಮೆನಿಕೊ ಫಾಂಚೆಲ್ಲಿ ಕಡೆದ ಅಮೃತಶಿಲೆಯ ಸಮಾಧಿಯ ಮೇಲೆ ಯುವಕನೊಬ್ಬ ಮಲಗಿರುವ ಪ್ರತಿಮೆಯನ್ನು ಕಾಣುತ್ತೇವೆ. ಈತನೇ ಕಸ್ತೀಲಿಯ ರಾಣಿ ಇಸಬೆಲ್ಲಾ ಮತ್ತು ಅರಗೋನಿನ ಅರಸ ಫರ್ಡಿನಾಂಡರ ಏಕಮಾತ್ರ ಪುತ್ರ ಹುವಾನ್. 1478ರ ಜೂನ್ 30ರಂದು ಸೆವಿಲ್ಲೆಯಲ್ಲಿ ಜನಿಸಿದ ಈತ 1497ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಕೇವಲ 19 ವರ್ಷದವನಾಗಿದ್ದನು.

ಎರಡು ರಾಜ್ಯಗಳ ಭವಿಷ್ಯವನ್ನು ಹೊತ್ತ ಈ ಬಾಲಕನ ದೇಹ ಮಾತ್ರ ಎಳವೆಯಿಂದಲೂ ದುರ್ಬಲ. ಅವನ ವಿದ್ಯಾಭ್ಯಾಸದ ಹೊಣೆ ಸಾಲಮಾಂಕಾದ ದೈವಶಾಸ್ತ್ರಜ್ಞರೂ ಸಂತ ಥಾಮಸ್ ಅಕ್ವಿನಾಸರ ಸಿದ್ಧಾಂತದ ಸಮರ್ಥಕರೂ ಆಗಿದ್ದ ಡೊಮಿನಿಕನ್ ಗುರು ದಿಯೇಗೊ ದೆ ದೆಸಾ ಅವರದಾಗಿತ್ತು. ಕೊಲಂಬಸನ ಇಬ್ಬರು ಮಕ್ಕಳು ಈ ಕುಮಾರನ ಪರಿವಾರದಲ್ಲಿ ಸೇವಕರಾಗಿದ್ದರು. ಕ್ಯೂಬಾ ದ್ವೀಪಕ್ಕೆ ಕೊಲಂಬಸನು ಮೊದಲು ಇಟ್ಟದ್ದೂ ಇವನದೇ ಹೆಸರು.

1497ರ ಏಪ್ರಿಲಿನಲ್ಲಿ ಬುರ್ಗೋಸಿನಲ್ಲಿ ಆಸ್ಟ್ರಿಯಾದ ಮಾರ್ಗರೇಟಳೊಂದಿಗೆ ಅವನ ವಿವಾಹ ನೆರವೇರಿತು. ಕೆಲವೇ ವಾರಗಳಲ್ಲಿ ಕುಮಾರನು ಬಾಡತೊಡಗಿದನು. ಆಸ್ಥಾನದ ಇಟಾಲಿಯನ್ ವಿದ್ವಾಂಸ ಪೀಟರ್ ಮಾರ್ಟಿರನ ಪತ್ರಗಳ ಪ್ರಕಾರ, ದಂಪತಿಗಳನ್ನು ಕೆಲಕಾಲ ಬೇರೆಯಾಗಿರಿಸಬೇಕೆಂದು ವೈದ್ಯರು ರಾಣಿಗೆ ಸಲಹೆಯಿತ್ತರು. ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದೆಂಬ ಶುಭಸಂದೇಶದ ಮಾತನ್ನೇ ಮುಂದಿಟ್ಟು ರಾಣಿ ನಿರಾಕರಿಸಿದಳು.

ಇಲ್ಲಿ ನಾವು ಅವಸರದ ತೀರ್ಪು ಕೊಡಲಾಗದು. ರಾಣಿಯ ಭಕ್ತಿ ಕಪಟವಾಗಿರಲಿಲ್ಲ. ವಂಶಕ್ಕೆ ಕುಡಿ ಬೇಕೆಂಬ ಆತಂಕವೂ ಸಹಜವೇ. ದಾಂಪತ್ಯವೇ ಕುಮಾರನನ್ನು ಕೊಂದಿತೆಂಬ ಅಂದಿನ ನಂಬಿಕೆಯನ್ನು ಇಂದು ಒಪ್ಪಲಾಗದು. ಕ್ಷಯವೋ ಸಿಡುಬೋ ಕಾರಣವಾಗಿರಬಹುದೆಂಬುದು ಚರಿತ್ರಕಾರರ ಊಹೆ. ಆದರೂ ವೇದವಾಕ್ಯದ ಆ ಬಳಕೆ ಪರಿಶೀಲನೆಗೆ ಅರ್ಹವಾಗಿದೆ. ಮತ್ತಾಯನ 19ನೆಯ ಅಧ್ಯಾಯದಲ್ಲಿ ಪ್ರಭು ಉತ್ತರಿಸುತ್ತಿರುವುದು ಪತ್ನಿಯನ್ನು ತ್ಯಜಿಸುವ ಪ್ರಶ್ನೆಗೆ, ರೋಗಿಯ ವಿಶ್ರಾಂತಿಯ ಪ್ರಶ್ನೆಗಲ್ಲ. ದಂಪತಿಗಳು ಪರಸ್ಪರ ಸಮ್ಮತಿಯಿಂದ ಪ್ರಾರ್ಥನೆಗಾಗಿ ಸ್ವಲ್ಪಕಾಲ ಅಗಲಿರಬಹುದೆಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಅಂದಮೇಲೆ ತಾತ್ಕಾಲಿಕ ಅಗಲಿಕೆಯಿಂದ ವಿವಾಹಬಂಧನಕ್ಕೆ ಚ್ಯುತಿಯಿಲ್ಲ. ವೈದ್ಯನನ್ನು ಗೌರವಿಸೆಂದು ಕಲಿಸುವ ಸಿರಾಖನ ಗ್ರಂಥದ 38ನೆಯ ಅಧ್ಯಾಯವೂ ದೇವರ ವಾಕ್ಯವೇ. ದೇವರ ಕೃಪೆ ಮಾನವ ಸ್ವಭಾವವನ್ನು ಅಳಿಸದೆ ಪೂರ್ಣಗೊಳಿಸುತ್ತದೆಂಬ ಥಾಮಸರ ತತ್ತ್ವವಂತೂ ಕುಮಾರನ ಗುರುವಿಗೆ ಚಿರಪರಿಚಿತವಾಗಿತ್ತು.

ಅಂತ್ಯ ಬಂದದ್ದು ಸಾಲಮಾಂಕಾದಲ್ಲಿ. ಆಗ ಆ ನಗರದ ಧರ್ಮಾಧ್ಯಕ್ಷರಾಗಿದ್ದ ದೆಸಾ ಅವರೇ ಕುಮಾರನ ಹಾಸಿಗೆಯ ಬಳಿ ಇದ್ದರು. ತಂದೆ ಧಾವಿಸಿ ಬಂದನು; ಹಿರಿಯ ಮಗಳ ಮದುವೆಗೆಂದು ಪೋರ್ಚುಗಲ್ ಗಡಿಯಲ್ಲಿದ್ದ ತಾಯಿಗೆ ಮಗನ ಮುಖ ಕಾಣಲಾಗಲಿಲ್ಲ. ಗರ್ಭಿಣಿ ಮಾರ್ಗರೇಟಳ ಮಗು ಉಸಿರಿಲ್ಲದೆ ಹುಟ್ಟಿತು. ಉತ್ತರಾಧಿಕಾರಿಣಿಯಾದ ಅಕ್ಕ ಇಸಬೆಲ್ 1498ರಲ್ಲಿ ಹೆರಿಗೆಯಲ್ಲಿ ಮಡಿದಳು. ಅವಳ ಶಿಶು ಮಿಗೆಲ್ 1500ರಲ್ಲಿ ಅಸುನೀಗಿತು. ಯಾವ ವಂಶವನ್ನು ಉಳಿಸಲು ಕುಮಾರನ ದೇಹದ ಬಳಲಿಕೆಯನ್ನು ಕಡೆಗಣಿಸಲಾಯಿತೋ ಆ ವಂಶದ ಸಿಂಹಾಸನ ಕೊನೆಗೆ ಹ್ಯಾಪ್ಸ್‌ಬರ್ಗ್ ಮನೆತನದ ಪಾಲಾಯಿತು.

ರೋಗಿಗಳ ಮನೆಗೆ ವೇದವನ್ನು ಕೈಯಲ್ಲಿ ಹಿಡಿದು ಹೋಗುವವರು ನಾವು. ಅಲ್ಲಿ ನಮ್ಮ ಬಾಯಿಂದ ಬರುವ ಒಂದು ವಾಕ್ಯ ಔಷಧದ ಬಾಗಿಲನ್ನು ಮುಚ್ಚಲೂಬಹುದು, ತೆರೆಯಲೂಬಹುದು. ವಾಕ್ಯವು ಸತ್ಯವಾಗಿದ್ದರಷ್ಟೇ ಸಾಲದು. ಅದು ಯಾವ ಪ್ರಶ್ನೆಗೆ ಉತ್ತರವಾಗಿ ನುಡಿಯಲ್ಪಟ್ಟಿತೆಂಬುದನ್ನೂ, ನಮ್ಮ ಮುಂದಿರುವ ರೋಗಿಯ ಪ್ರಶ್ನೆ ಯಾವುದೆಂಬುದನ್ನೂ ಅರಿತ ಬಳಿಕವೇ ಅದನ್ನು ಉಚ್ಚರಿಸೋಣ.